ದೀಪದ ಹಿಂದಿನ ಗಂಟು: ವಿದ್ಯುತ್ ತಂತಿ ಜೋಡಣೆಯ ಚರಿತ್ರೆ



ದೀಪದ ಚರಿತ್ರೆ ಎಂದೊಡನೆ ನಮಗೆಲ್ಲ ನೆನಪಾಗುವುದು ಬಲ್ಬು. ಪಾಠಪುಸ್ತಕದಲ್ಲಿ ಎಡಿಸನ್ ಇದ್ದಾನೆ, 1879ರ ಇಸವಿ ಇದೆ, ಗಾಜಿನ ಬುರುಡೆಯ ಚಿತ್ರವಿದೆ. ಆದರೆ ಆ ಬುರುಡೆಯವರೆಗೆ ಕರೆಂಟನ್ನು ತಂದುಕೊಡುವ ತಂತಿಗಳನ್ನು ಒಂದಕ್ಕೊಂದು ಹೇಗೆ ಸೇರಿಸಿದರು? ಈ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ನಾವು ಕೇಳಿಲ್ಲ, ಉತ್ತರ ಬರೆದೂ ಇಲ್ಲ. ಉರ್ದು ಮತ್ತು ಕನ್ನಡ ಪಾಠ ಮಾಡುವ ನನಗೂ ಈ ಪ್ರಶ್ನೆ ತಾನಾಗಿ ಹೊಳೆಯಲಿಲ್ಲ. ನಮ್ಮ ಮನೆಯ ಒಂದು ಟ್ಯೂಬ್ ಲೈಟ್ ಅದನ್ನು ಕೇಳುವಂತೆ ಮಾಡಿತು.

ಒಂದು ರಮಝಾನ್ ತಿಂಗಳಲ್ಲಿ, ಮಕ್ಕಳು ಮಲಗುವ ಕೋಣೆಯ ಟ್ಯೂಬ್ ಲೈಟ್ ಮಿಣುಕತೊಡಗಿತು. ಸಹರಿಗೆ ಎದ್ದಾಗ ಹತ್ತುತ್ತಿತ್ತು, ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ನಾನು ಟ್ಯೂಬ್ ಬದಲಾಯಿಸಿದೆ. ವಾರ ಕಳೆದ ಮೇಲೆ ಮತ್ತೆ ಅದೇ ಕಥೆ. ಇನ್ನೊಂದು ಟ್ಯೂಬ್ ತಂದೆ. "ಮೂರನೆಯದನ್ನು ತರುವ ಮೊದಲು ಆ ಹುಡುಗನನ್ನಾದರೂ ಕರೆದು ತೋರಿಸಪ್ಪಾ" ಎಂದು ಅಮ್ಮಿ ಬೈದರು. ಆ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಬಂದವನು ಟ್ಯೂಬನ್ನು ಮುಟ್ಟಲೇ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಏಣಿ ಹತ್ತಿ, ಮರದ ಮುಚ್ಚಿಗೆಗೆ ಹೊಡೆದಿದ್ದ ರೌಂಡ್ ಬ್ಲಾಕ್ ಬಿಚ್ಚಿದ. ಒಳಗೆ ಕಪ್ಪು ಟೇಪ್ ಸುತ್ತಿದ ಗಂಟೊಂದಿತ್ತು. ಟೇಪ್ ಕರಗಿ ಅಂಟಾಗಿತ್ತು. ಅದರ ಹಿಂದಿನ ಮರ ಒಂದು ರೂಪಾಯಿ ನಾಣ್ಯದಗಲ ಸುಟ್ಟು ಇದ್ದಿಲಾಗಿತ್ತು.

"ಸರ್, ಟ್ಯೂಬ್ ಚೆನ್ನಾಗಿಯೇ ಇತ್ತು. ಸುಟ್ಟಿರುವುದು ಜಾಯಿಂಟ್" ಎಂದ.

ನಮ್ಮ ದಾದಾ ಕಟ್ಟಿಸಿದ ಮನೆ ಅದು. ಹಳೆಯ ವೈರಿಂಗ್ ಅಲ್ಯೂಮಿನಿಯಂ ತಂತಿಯದ್ದು. ಅನಂತರ ಯಾರೋ ಹೊಸ ಟ್ಯೂಬಿಗಾಗಿ ತಾಮ್ರದ ವೈರನ್ನು ಅದಕ್ಕೆ ಹೊಸೆದು ಟೇಪ್ ಸುತ್ತಿ ಹೋಗಿದ್ದರು. ಬೆಳಕು ಬಂದಿತ್ತು, ಎಲ್ಲರೂ ತೃಪ್ತರಾಗಿದ್ದೆವು. ಆ ಗಂಟಿನ ಕೆಳಗೆ ನನ್ನ ಮಕ್ಕಳು ಐದು ವರ್ಷ ಮಲಗಿದ್ದರು.

ಆ ದಿನದಿಂದ ನಾನು ಈ ಗಂಟಿನ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಮನೆಯ ದೀಪಕ್ಕೆ ಯಾವ ಕನೆಕ್ಟರ್ ಸೂಕ್ತ ಎಂಬುದು ಅಂಗಡಿಯ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ತೀರ್ಮಾನಿಸುವ ಸಣ್ಣ ಮಾತಲ್ಲ. ಅದರ ಹಿಂದೆ ನೂರೈವತ್ತು ವರ್ಷಗಳ ಅನುಭವವಿದೆ, ಸುಟ್ಟ ಮನೆಗಳಿವೆ. ಬನ್ನಿ, ಆ ಚರಿತ್ರೆಯನ್ನು ಒಮ್ಮೆ ನೋಡೋಣ.

ದೀಪ ಮತ್ತು ಬೆಂಕಿ

ದೀಪವು ಮನೆಯನ್ನು ಬೆಳಗಿಸುವಂತೆಯೇ ಸುಡಲೂ ಬಲ್ಲದು ಎಂಬ ಎಚ್ಚರಿಕೆ ನಮಗೆ ಹೊಸದಲ್ಲ. ಒಮ್ಮೆ ಮದೀನಾದಲ್ಲಿ ರಾತ್ರಿ ಹೊತ್ತು ಒಂದು ಮನೆ ಅದರ ನಿವಾಸಿಗಳ ಸಮೇತ ಬೆಂಕಿಗೆ ತುತ್ತಾದ ಸುದ್ದಿ ತಿಳಿದಾಗ, ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಬೋಧಿಸಿದುದನ್ನು ಬುಖಾರಿ ಹದೀಸ್ ಸಂಗ್ರಹದಲ್ಲಿ ಕಾಣುತ್ತೇವೆ. ಇಲಿಯೊಂದು ಉರಿಯುವ ಬತ್ತಿಯನ್ನು ಎಳೆದೊಯ್ದು ಮನೆಮಂದಿಯನ್ನೆಲ್ಲ ಸುಟ್ಟೀತು ಎಂಬ ಎಚ್ಚರಿಕೆಯೂ ಅಲ್ಲಿದೆ. ಕಾರಣವನ್ನು ವಿವರಿಸಿ ಹೇಳಿದ ಸುರಕ್ಷತಾ ಪಾಠವಿದು.

ಈ ಪಾಠವನ್ನು ಮರೆತರೆ ಏನಾದೀತು ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ಹಿಜರಿ 654, ಅಂದರೆ ಕ್ರಿ.ಶ. 1256ರ ರಮಝಾನ್ ತಿಂಗಳ ಮೊದಲ ರಾತ್ರಿ ಮದೀನಾದ ಮಸ್ಜಿದುನ್ನಬವಿಗೆ ಬೆಂಕಿ ಬಿತ್ತು. ದೀಪಗಳನ್ನು ನೋಡಿಕೊಳ್ಳುವ ಸೇವಕನೊಬ್ಬ ಉಗ್ರಾಣದಲ್ಲಿ ಉರಿಯುವ ಬೆಳಕನ್ನು ಬಿಟ್ಟುದೇ ಕಾರಣ ಎಂದು ಚರಿತ್ರೆಕಾರರು ಬರೆದಿದ್ದಾರೆ. ಛಾವಣಿ, ಮಿಂಬರ್ ಎಲ್ಲವೂ ಸುಟ್ಟುಹೋದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಉಸ್ಮಾನಿಯಾ ಆಡಳಿತದ ಕಾಲದಲ್ಲಿ, ಅದೇ ಮಸೀದಿಗೆ ವಿದ್ಯುತ್ ದೀಪ ಬಂತು.

ವಿದ್ಯುತ್ ದೀಪದ ದೊಡ್ಡ ಆಕರ್ಷಣೆಯೇ ಅದು. ಅಲ್ಲಿ ಬತ್ತಿಯಿಲ್ಲ, ಎಣ್ಣೆಯಿಲ್ಲ, ತೆರೆದ ಜ್ವಾಲೆಯಿಲ್ಲ. ಇನ್ನು ಬೆಂಕಿಯ ಭಯವಿಲ್ಲ ಎಂದು ಜನ ನಂಬಿದರು. ಆ ನಂಬಿಕೆ ಪೂರ್ತಿ ನಿಜವಾಗಿರಲಿಲ್ಲ.

ಭಯ ಗೋಡೆಯ ಒಳಗೆ ಸೇರಿತು

1882ರ ಸೆಪ್ಟೆಂಬರ್ 4ರಂದು ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುತ್ ಕೇಂದ್ರವನ್ನು ಆರಂಭಿಸಿದ. ಅದೇ ವರ್ಷ ಲಂಡನ್ನಿನಲ್ಲಿ ತಂತಿ ಎಂಜಿನಿಯರುಗಳ ಸಂಘವು ವಿದ್ಯುತ್ ದೀಪದ ಕುರಿತು ತನ್ನ ಮೊದಲ ನಿಯಮಾವಳಿಯನ್ನು ಪ್ರಕಟಿಸಿತು. ಅದರ ಹೆಸರೇ ವಿದ್ಯುತ್ ದೀಪಗಳಿಂದ ಒದಗುವ ಬೆಂಕಿಯ ಅಪಾಯವನ್ನು ತಡೆಯುವ ನಿಯಮಗಳು ಎಂಬರ್ಥದ್ದು. ಗಮನಿಸಿ ಓದುಗರೇ, ಮನೆಗಳಿಗೆ ದೀಪ ಬಂದ ವರ್ಷವೇ ಬೆಂಕಿಯ ನಿಯಮವೂ ಬಂತು. ಇಂದು ಬ್ರಿಟನ್ನಿನಲ್ಲಿ ಜಾರಿಯಲ್ಲಿರುವ ವೈರಿಂಗ್ ನಿಯಮಗಳ ಮೂಲಪುರುಷ ಆ ಚಿಕ್ಕ ಪುಸ್ತಿಕೆಯೇ.

ಅಮೆರಿಕದಲ್ಲಿ ಈ ಕೆಲಸಕ್ಕೆ ಮುಂದಾದವರು ವಿಮಾ ಕಂಪೆನಿಗಳು. ಮನೆ ಸುಟ್ಟರೆ ಹಣ ಕೊಡಬೇಕಾದವರು ಅವರೇ ತಾನೇ! 1893ರ ಶಿಕಾಗೊ ವಿಶ್ವಮೇಳದಲ್ಲಿ ಸಾವಿರಾರು ವಿದ್ಯುತ್ ದೀಪಗಳನ್ನು ಜೋಡಿಸಿದಾಗ ಅವುಗಳ ಸುರಕ್ಷತೆ ಪರೀಕ್ಷಿಸಲು ಬಂದ ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವ ಎಂಜಿನಿಯರ್, ಮರುವರ್ಷ ಒಂದು ಪರೀಕ್ಷಾ ಪ್ರಯೋಗಾಲಯವನ್ನು ಸ್ಥಾಪಿಸಿದ. ಅದೇ ಇಂದು ಜಗತ್ತಿನಾದ್ಯಂತ ವಸ್ತುಗಳ ಮೇಲೆ ಕಾಣುವ 'ಯುಎಲ್' ಗುರುತಿನ ಸಂಸ್ಥೆ. 1897ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಬಂತು.

ನಮ್ಮ ನಾಡೂ ಹಿಂದೆ ಬೀಳಲಿಲ್ಲ. ಕಾವೇರಿಯ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ 1902ರ ಜೂನ್ 30ರಂದು ವಿದ್ಯುತ್ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿತು. 1908ರಲ್ಲಿ ಮೈಸೂರಿಗೂ ಬಂತು. ಶಿವನಸಮುದ್ರದ ಹೆಸರನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ದೀಪಗಳನ್ನು ಮನೆಮನೆಗೆ ಜೋಡಿಸಿದ ಕೈಗಳ ಬಗ್ಗೆ ಮಾತಾಡುವುದು ಕಡಿಮೆ.

ಬೆಸುಗೆಯ ಕಾಲ

ಮೊದಮೊದಲು ತಂತಿ ಜೋಡಿಸುವ ವಿದ್ಯೆ ಬಂದದ್ದು ಟೆಲಿಗ್ರಾಫ್ ಕೆಲಸಗಾರರಿಂದ. ತಂತಿಗಳು ಗಾಳಿಗೆ ಎಳೆದಾಡಿದರೂ ಬಿಚ್ಚಿಕೊಳ್ಳದಂತೆ ಅವರು ಒಂದನ್ನು ಇನ್ನೊಂದಕ್ಕೆ ಬಿಗಿಯಾಗಿ ಸುತ್ತುತ್ತಿದ್ದರು. ಅಮೆರಿಕದ ಟೆಲಿಗ್ರಾಫ್ ಕಂಪೆನಿಯ ಹೆಸರಿನಿಂದ ಆ ಜೋಡಣೆಗೆ 'ವೆಸ್ಟರ್ನ್ ಯೂನಿಯನ್ ಜಾಯಿಂಟ್' ಎಂದೇ ಹೆಸರಾಯಿತು. ಇಂದಿಗೂ ನಮ್ಮ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳು ಈ ಜಾಯಿಂಟನ್ನು, ಬ್ರಿಟಾನಿಯಾ ಜಾಯಿಂಟನ್ನು, ಮ್ಯಾರೀಡ್ ಜಾಯಿಂಟನ್ನು, ಇಲಿಬಾಲದಂತೆ ಹೊಸೆಯುವ 'ರ‍್ಯಾಟ್ ಟೇಲ್' ಜಾಯಿಂಟನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಇಲಿ ಎಳೆದೊಯ್ಯುವ ಬತ್ತಿಯ ಮಾತು ಓದಿದ ನನಗೆ ಈ ಇಲಿಬಾಲದ ಹೆಸರು ಕೇಳಿ ಆಶ್ಚರ್ಯವಾಯಿತು!

ಮನೆಯ ವೈರಿಂಗಿನಲ್ಲಿ ಹೊಸೆಯುವುದು ಕೆಲಸದ ಅರ್ಧ ಭಾಗ ಮಾತ್ರವಾಗಿತ್ತು. ಹೊಸೆದ ಮೇಲೆ ಅದಕ್ಕೆ ಸೀಸ ಮತ್ತು ತವರದ ಬೆಸುಗೆ ಹಾಕಬೇಕು. ಅನಂತರ ರಬ್ಬರ್ ಟೇಪ್ ಸುತ್ತಬೇಕು. ಅದರ ಮೇಲೆ ಇನ್ನೊಂದು ಬಟ್ಟೆಯ ಟೇಪ್ ಸುತ್ತಬೇಕು. ಹೀಗೆ ಮಾಡಿದ ಜೋಡಣೆಗಳು ಹಲವು ದಶಕ ಬಾಳಿದವು. ಈ ಮಾತನ್ನು ದಯವಿಟ್ಟು ನೆನಪಿಡಿ. ಏಕೆಂದರೆ ನಮ್ಮಲ್ಲಿ "ಹಿಂದಿನವರೂ ಹೊಸೆದು ಟೇಪ್ ಸುತ್ತುತ್ತಿದ್ದರಲ್ಲ" ಎಂದು ವಾದಿಸುವವರಿದ್ದಾರೆ. ಹಿಂದಿನವರು ಬೆಸುಗೆ ಹಾಕುತ್ತಿದ್ದರು. ನಾವು ಬೆಸುಗೆಯನ್ನು ಬಿಟ್ಟೆವು, ಟೇಪನ್ನು ಮಾತ್ರ ಉಳಿಸಿಕೊಂಡೆವು.

ಆದರೆ ಬೆಸುಗೆಯೂ ಸುಲಭದ ಕೆಲಸವಾಗಿರಲಿಲ್ಲ. ಏಣಿಯ ಮೇಲೆ ನಿಂತು, ತಲೆಯ ಮೇಲಿನ ಗಂಟಿಗೆ ಕರಗಿದ ಲೋಹ ಹಾಕುವಾಗ ಕೈಗೂ ಮುಖಕ್ಕೂ ಸಿಡಿಯುವ ಅಪಾಯವಿತ್ತು. ಹೊತ್ತಿಸಿದ ಒಲೆಯನ್ನು ಮರದ ಮನೆಯೊಳಗೆ ಒಯ್ಯಬೇಕಿತ್ತು. ಒಂದೊಂದು ಜೋಡಣೆಗೂ ಬಹಳ ಸಮಯ ಹಿಡಿಯುತ್ತಿತ್ತು.

ಏಣಿ ಹತ್ತಿದವನ ಆವಿಷ್ಕಾರ

ಈ ಕಷ್ಟಕ್ಕೆ ಪರಿಹಾರ ಕಂಡುಕೊಂಡವರಲ್ಲಿ ವಿಲಿಯಂ ಮಾರ್ ಪ್ರಮುಖರು. ಸ್ಕಾಟ್ಲೆಂಡಿನಿಂದ ಕೆನಡಾಕ್ಕೆ ವಲಸೆ ಹೋಗಿದ್ದ ಅವರು ಒಂಟಾರಿಯೊದಲ್ಲಿ ಗ್ಯಾಸ್ ದೀಪದ ಮನೆಗಳನ್ನು ವಿದ್ಯುತ್ ದೀಪಕ್ಕೆ ಬದಲಾಯಿಸುವ ಕೆಲಸ ಮಾಡುತ್ತಿದ್ದರು. 1914ರಲ್ಲಿ ಅವರು ಬೆಸುಗೆಯಿಲ್ಲದೆ ಒತ್ತಡದಿಂದಲೇ ತಂತಿಗಳನ್ನು ಹಿಡಿದಿಡುವ ಕನೆಕ್ಟರ್ ರೂಪಿಸಿದರು. ಮುಂದೆ ಅದು ಟೋಪಿಯಂತೆ ತಿರುಗಿಸಿ ಹಾಕುವ ಕನೆಕ್ಟರ್ ಆಗಿ ಬೆಳೆಯಿತು. ಕೆನಡಾದಲ್ಲಿ ಇಂದಿಗೂ ಜನ ಅದನ್ನು ಅವರ ಹೆಸರಿನಿಂದಲೇ 'ಮಾರೆಟ್' ಎನ್ನುತ್ತಾರೆ. ಅಮೆರಿಕದಲ್ಲಿ ಅದೇ 'ವೈರ್ ನಟ್'. ಒಬ್ಬ ಎಲೆಕ್ಟ್ರಿಷಿಯನ್ ತನ್ನ ದಿನನಿತ್ಯದ ತೊಂದರೆಗೆ ಹುಡುಕಿದ ಉತ್ತರ ಒಂದು ಖಂಡದ ಮನೆಗಳಿಗೆಲ್ಲ ಹರಡಿತು.

ಬ್ರಿಟನ್ನಿನಲ್ಲಿ ಪಿಂಗಾಣಿಯಿಂದ ಮಾಡಿದ ಇಂಥದೇ ಟೋಪಿಗಳಿದ್ದವು, ಕಾಲಕ್ರಮದಲ್ಲಿ ಮರೆಯಾದವು. ಯುರೋಪಿನಲ್ಲಿ ಗೆದ್ದದ್ದು ಸ್ಕ್ರೂ ಕನೆಕ್ಟರ್. ಪಿಂಗಾಣಿ ಅಥವಾ ಪ್ಲಾಸ್ಟಿಕ್ ಕವಚದೊಳಗೆ ಹಿತ್ತಾಳೆಯ ಕೊಳವೆ, ಅದರ ಎರಡು ತುದಿಗೆ ಎರಡು ಸ್ಕ್ರೂ. ಇಂಗ್ಲೆಂಡಿನಲ್ಲಿ ಪಟ್ಟಿಯಾಗಿ ಬರುವ ಈ ಕನೆಕ್ಟರನ್ನು ಚಾಕೊಲೇಟ್ ತುಂಡುಗಳಿಗೆ ಹೋಲಿಸಿ 'ಚಾಕ್ ಬ್ಲಾಕ್' ಎಂದರು. ಜರ್ಮನ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ತೂಗುದೀಪದ ಹಿಡಿಕೆ' ಎಂದು. ಛಾವಣಿಯಿಂದ ಇಳಿಬಿದ್ದ ದೀಪಗಳನ್ನು ಜೋಡಿಸಲು ಬಳಸುತ್ತಿದ್ದುದರಿಂದ ಆ ಹೆಸರು. ನಮ್ಮ ಅಂಗಡಿಗಳಲ್ಲಿ ಗೀಜರಿಗೆ ಕೊಡುವ ಬಿಳಿ ಪಿಂಗಾಣಿ ಕನೆಕ್ಟರ್ ಈ ಕುಟುಂಬದ್ದೇ.

ನಮ್ಮ ಮನೆಗಳ ಹಳೆಯ ಕ್ರಮ

ನಮ್ಮ ನಾಡಿನ ಹಳೆಯ ಮನೆಗಳನ್ನು ನೋಡಿ. ತೇಗದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರು, ಕರಿ ಬಣ್ಣದ ಮರದ ರೌಂಡ್ ಬ್ಲಾಕು, ಪಿಂಗಾಣಿಯ ಫ್ಯೂಸು, ಮೇಲೆ ಸೀಲಿಂಗ್ ರೋಸ್. ನೋಡಲು ಒರಟಾದರೂ ಅದರಲ್ಲಿ ಒಂದು ಶಿಸ್ತಿತ್ತು. ಅದಕ್ಕೆ 'ಲೂಪಿಂಗ್' ಎನ್ನುತ್ತಾರೆ. ವೈರನ್ನು ನಡುದಾರಿಯಲ್ಲಿ ಕತ್ತರಿಸಿ ಗಂಟು ಹಾಕುವಂತಿಲ್ಲ. ಒಂದು ಸ್ವಿಚ್ಚಿನ ಸ್ಕ್ರೂವಿನಿಂದ ಮುಂದಿನ ಸ್ವಿಚ್ಚಿನ ಸ್ಕ್ರೂವಿಗೆ, ಒಂದು ಸೀಲಿಂಗ್ ರೋಸಿನಿಂದ ಮುಂದಿನದಕ್ಕೆ ವೈರು ಹೋಗಬೇಕು. ಜೋಡಣೆ ಏನಿದ್ದರೂ ಕೈಗೆ ಸಿಗುವ ಟರ್ಮಿನಲಿನಲ್ಲಿ, ಸ್ಕ್ರೂವಿನ ಹಿಡಿತದಲ್ಲಿ. ಕೆಟ್ಟರೆ ಬಿಚ್ಚಿ ನೋಡಬಹುದು.

ಅನಂತರ ಗೋಡೆಯೊಳಗೆ ಪೈಪ್ ಹುದುಗಿಸುವ ಕಾಲ ಬಂತು. ಮನೆ ಅಂದವಾಯಿತು. ಹೊಸ ದೀಪ, ಹೊಸ ಪಾಯಿಂಟ್ ಬೇಕೆನಿಸಿದಾಗಲೆಲ್ಲ ವೈರು ಉಳಿಸಲೆಂದು ನಡುವೆಯೇ ಕತ್ತರಿಸಿ, ಹೊಸೆದು, ಟೇಪ್ ಸುತ್ತಿ ಪೈಪಿನೊಳಗೆ ತಳ್ಳುವ ಅಭ್ಯಾಸವೂ ಬೆಳೆಯಿತು. ಕಾಣದ ಗಂಟನ್ನು ಯಾರು ಕೇಳುತ್ತಾರೆ? ಹಳೆಯ ಶಿಸ್ತು ಹೀಗೆ ಸಡಿಲವಾಯಿತು.

ಅಲ್ಯೂಮಿನಿಯಂ ಕಲಿಸಿದ ಪಾಠ

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕಹಿಯಾದ ಅಧ್ಯಾಯ ಅಮೆರಿಕದ್ದು. 1960ರ ದಶಕದಲ್ಲಿ ತಾಮ್ರದ ಬೆಲೆ ಏರಿದಾಗ ಅಲ್ಲಿ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಬಳಸತೊಡಗಿದರು. ಸುಮಾರು 1965ರಿಂದ 1973ರವರೆಗೆ ಲಕ್ಷಾಂತರ ಮನೆಗಳಿಗೆ ಹೀಗೆ ವೈರಿಂಗ್ ಆಯಿತು. ತಂತಿಯೇನೋ ಕರೆಂಟನ್ನು ಸರಿಯಾಗಿಯೇ ಒಯ್ಯುತ್ತಿತ್ತು. ಆದರೆ ಜೋಡಣೆಗಳು ಕೈಕೊಟ್ಟವು.

ಇದಕ್ಕೆ ಕಾರಣಗಳು ಸರಳ. ಅಲ್ಯೂಮಿನಿಯಂ ಗಾಳಿ ತಾಗಿದೊಡನೆ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಆ ಪದರದಲ್ಲಿ ಕರೆಂಟು ಹರಿಯದು. ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜರುಗಿ ತೆಳ್ಳಗಾಗುತ್ತದೆ. ಹೀಗೆ ಇಂದು ಬಿಗಿಯಾಗಿದ್ದ ಸ್ಕ್ರೂ ಕೆಲವು ವರ್ಷಗಳಲ್ಲಿ ಸಡಿಲ. ತಾಮ್ರದೊಡನೆ ನೇರವಾಗಿ ಸೇರಿಸಿದರಂತೂ, ತೇವ ತಾಗಿದಾಗ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ.

1974ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್ ಎಂಬಲ್ಲಿ ಮನೆಯೊಂದು ಸುಟ್ಟು ಇಬ್ಬರು ಸತ್ತರು. ಸಾಕೆಟ್ಟಿನಲ್ಲಿದ್ದ ಅಲ್ಯೂಮಿನಿಯಂ ತಂತಿಯ ಜೋಡಣೆ ಅತಿಯಾಗಿ ಬಿಸಿಯಾದುದೇ ಕಾರಣ ಎಂದು ತನಿಖೆ ಹೇಳಿತು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವು ನಡೆಸಿದ ಸಮೀಕ್ಷೆಯಲ್ಲಿ ಕಂಡುಬಂದ ಅಂಕಿ ಇನ್ನೂ ಗಾಬರಿ ಹುಟ್ಟಿಸುತ್ತದೆ: 1972ಕ್ಕಿಂತ ಮೊದಲು ತಯಾರಾದ ಅಲ್ಯೂಮಿನಿಯಂ ತಂತಿಯಿರುವ ಮನೆಗಳಲ್ಲಿ ಒಂದಾದರೂ ಜೋಡಣೆ ಬೆಂಕಿಯ ಅಪಾಯದ ಸ್ಥಿತಿ ತಲುಪುವ ಸಂಭವ, ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು.

ತಾಮ್ರವನ್ನು ಹೆಚ್ಚಾಗಿ ಹೊರದೇಶದಿಂದ ತರಿಸಬೇಕಾಗಿದ್ದ ನಮ್ಮ ದೇಶದಲ್ಲೂ ಅಲ್ಯೂಮಿನಿಯಂ ತಂತಿ ಅನೇಕ ಮನೆಗಳಿಗೆ ಬಂತು. ನಮ್ಮ ದಾದಾರ ಮನೆ ಅವುಗಳಲ್ಲೊಂದು. ಹ್ಯಾಂಪ್ಟನ್ ಬೇಸ್ ಎಂಬ ಊರಿನ ಹೆಸರನ್ನೇ ಕೇಳದ ನಾವು ಅದೇ ತಪ್ಪಿನ ಕೆಳಗೆ ಮಲಗಿದ್ದೆವು!

ಸ್ಪ್ರಿಂಗ್ ಬಂತು

ಸ್ಕ್ರೂವಿನ ದೌರ್ಬಲ್ಯ ಎರಡು. ಬಿಗಿ ಮಾಡುವವನ ಕೈಯನ್ನು ಅದು ಅವಲಂಬಿಸಿದೆ. ಕಾಲ ಕಳೆದಂತೆ ಸಡಿಲವಾಗುತ್ತದೆ. ಲೋಹ ಹಿಗ್ಗಿದರೂ ಕುಗ್ಗಿದರೂ ಜೊತೆಜೊತೆಗೇ ಒತ್ತುವ ಸ್ಪ್ರಿಂಗ್ ಇದ್ದರೆ? ಈ ಆಲೋಚನೆಯ ಪೇಟೆಂಟನ್ನು ಆಧರಿಸಿ 1951ರಲ್ಲಿ ಜರ್ಮನಿಯ ಮಿಂಡೆನ್ ಪಟ್ಟಣದಲ್ಲಿ ವಾಗೋ ಎಂಬ ಕಂಪೆನಿ ಆರಂಭವಾಯಿತು. 1977ರಲ್ಲಿ ಅದು ಹೊರತಂದ ಪಂಜರದಾಕಾರದ ಸ್ಪ್ರಿಂಗ್ ಹಿಡಿಕೆಯು ಒಂಟಿ ಗಟ್ಟಿ ತಂತಿಯನ್ನೂ ಎಳೆಎಳೆಯ ತಂತಿಯನ್ನೂ ಹಿಡಿಯಬಲ್ಲದಾಗಿತ್ತು. ಇಂದು ಸಣ್ಣ ಸನ್ನೆಯನ್ನು ಎತ್ತಿ, ವೈರು ತೂರಿಸಿ, ಮುಚ್ಚಿದರೆ ಮುಗಿಯುವ ಕನೆಕ್ಟರುಗಳು ಹಲವು ಕಂಪೆನಿಗಳಿಂದ ಬರುತ್ತವೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಎಲೆಕ್ಟ್ರಿಷಿಯನ್ ಸಹೋದರರನ್ನು ಕೇಳಿ ನೋಡಿ, ಇದರ ಪರಿಚಯ ಅವರಿಗಿದ್ದೇ ಇರುತ್ತದೆ.

ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60998ನೆಯ ಮಾನಕವು ಮನೆಯ ಕನೆಕ್ಟರುಗಳಲ್ಲಿ ನಾಲ್ಕು ಬಗೆಗಳನ್ನು ಹೆಸರಿಸುತ್ತದೆ. ಸ್ಕ್ರೂವಿನದು, ಸ್ಕ್ರೂ ಇಲ್ಲದ ಸ್ಪ್ರಿಂಗಿನದು, ವೈರಿನ ಹೊದಿಕೆಯನ್ನು ಚುಚ್ಚಿ ಹಿಡಿಯುವುದು, ಮತ್ತು ತಿರುಗಿಸಿ ಹಾಕುವ ಟೋಪಿ. ಹೊಸೆದು ಟೇಪ್ ಸುತ್ತಿದ ಗಂಟಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಗಂಟು ಬಿಸಿಯಾಗುವುದೇಕೆ?

1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬ ವಿಜ್ಞಾನಿ ಒಂದು ನಿಯಮ ಕಂಡುಕೊಂಡ. ತಂತಿಯಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗವನ್ನು ಅದರ ರೋಧದಿಂದ ಗುಣಿಸಿದಷ್ಟಿರುತ್ತದೆ. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಕೆಳಗಿನ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಸಡಿಲವಾದ ಒಂದು ಗಂಟಿನ ರೋಧ 1 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟು 0.04 ಆಂಪಿಯರ್. ಗಂಟಿನಲ್ಲಿ ಹುಟ್ಟುವ ಶಾಖ ಲೆಕ್ಕಕ್ಕೇ ಇಲ್ಲದಷ್ಟು. ಆದರೆ ಒಂದು ದೀಪದ ಸರ್ಕ್ಯೂಟಿಗೆ ವಾಡಿಕೆಯಂತೆ 800 ವ್ಯಾಟ್ ಹೊರೆ ಬಿದ್ದರೆ ಕರೆಂಟು ಸುಮಾರು 3.5 ಆಂಪಿಯರ್, ಗಂಟಿನ ಶಾಖ 12 ವ್ಯಾಟ್. ಅದೇ ಬೋರ್ಡಿನ ಸಾಕೆಟ್ಟಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಚುಚ್ಚಿದರೆ 4.35 ಆಂಪಿಯರ್, ಶಾಖ 19 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸಲು ಬಳಸುವ ಸಣ್ಣ ಬೆಸುಗೆ ಕಡ್ಡಿ 25 ವ್ಯಾಟಿನದು. ಕಡಲೆಕಾಳಿನ ಗಾತ್ರದ ಗಂಟಿನೊಳಗೆ, ಟೇಪಿನ ಹೊದಿಕೆಯಡಿ, ಒಣಮರದ ಪಕ್ಕದಲ್ಲಿ ಅಂಥ ಕಡ್ಡಿಯನ್ನು ಹೊತ್ತಿಸಿಟ್ಟಂತೆ ಆಯಿತಲ್ಲವೇ?

ಬಿಸಿಯಾದಷ್ಟೂ ಲೋಹ ಆಕ್ಸೈಡ್ ಆಗಿ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಷ್ಟೂ ಮತ್ತೆ ಬಿಸಿ. ಇನ್ನೊಂದು ಮಾತು: ಫ್ಯೂಸಾಗಲಿ ಎಂಸಿಬಿಯಾಗಲಿ ಈ ಬೆಂಕಿಯನ್ನು ತಡೆಯಲಾರದು. ಅದು ನೋಡುವುದು ಕರೆಂಟು ಮಿತಿ ಮೀರಿತೇ ಎಂದು. ಸಡಿಲ ಗಂಟಿನಲ್ಲಿ ಹರಿಯುವ ಕರೆಂಟು ಮಿತಿಯೊಳಗೇ ಇರುತ್ತದೆ. ಆದುದರಿಂದ ಗಂಟನ್ನು ಸರಿಯಾಗಿ ಮಾಡುವುದೇ ನಮ್ಮ ರಕ್ಷಣೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಚರಿತ್ರೆಯೇ ಇದಕ್ಕೆ ಉತ್ತರ ಕೊಟ್ಟಿದೆ. ಅದನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಗಂಟೇ ಇಲ್ಲದಿರುವುದು ಉತ್ತಮ ಗಂಟು. ಹೊಸ ಮನೆ ಕಟ್ಟುವವರು ಲೂಪಿಂಗ್ ಕ್ರಮವನ್ನೇ ಅನುಸರಿಸಲು ಹೇಳಿ. ಸ್ವಿಚ್, ಹೋಲ್ಡರ್, ಸೀಲಿಂಗ್ ರೋಸಿನ ಟರ್ಮಿನಲುಗಳಲ್ಲೇ ಜೋಡಣೆ ಮುಗಿಯಲಿ. ಅನಿವಾರ್ಯವಾದ ಜೋಡಣೆ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನೊಳಗಿರಲಿ, ಪೈಪಿನೊಳಗೆ ಎಂದಿಗೂ ಬೇಡ.

ಎರಡನೆಯದಾಗಿ, ತಂತಿಯನ್ನು ನೋಡಿ ಕನೆಕ್ಟರ್ ಆರಿಸಿ. ಹಿಂದೆ ಮನೆಗಳಲ್ಲಿ 1/18 ಎಂಬ ಒಂಟಿ ತಂತಿ, 3/22 ಎಂಬ ಮೂರೆಳೆಯ ತಂತಿ ಇರುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಲವು ಎಳೆಗಳ ಮೆತ್ತನೆಯ ತಾಮ್ರದ ವೈರು. ಬರಿದೇ ಒತ್ತಿ ತೂರಿಸುವ ಸ್ಪ್ರಿಂಗ್ ಕನೆಕ್ಟರುಗಳಲ್ಲಿ ಹಲವು ಗಟ್ಟಿ ತಂತಿಗೆ ಮಾತ್ರ ಆಗುತ್ತವೆ. ಎಳೆಎಳೆಯ ವೈರಿಗೆ ಸನ್ನೆಯಿರುವ ಸ್ಪ್ರಿಂಗ್ ಕನೆಕ್ಟರ್ ಸೂಕ್ತ. ಎಷ್ಟು ಚದರ ಮಿಲಿಮೀಟರಿನ, ಯಾವ ಬಗೆಯ ತಂತಿಗೆ ಎಂಬುದನ್ನು ಕನೆಕ್ಟರಿನ ಮೇಲೆ ಅಥವಾ ಪೊಟ್ಟಣದ ಮೇಲೆ ಬರೆದಿರುತ್ತಾರೆ. ದೀಪದ ಸರ್ಕ್ಯೂಟಿನ ವೈರು ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್. ಒಂದು ತೂತಿಗೆ ಒಂದೇ ವೈರು.

ಮೂರನೆಯದಾಗಿ, ಸ್ಕ್ರೂ ಕನೆಕ್ಟರ್ ಬಳಸುವುದಾದರೆ ಒಳಗೆ ಹಿತ್ತಾಳೆ ಇದೆಯೇ ನೋಡಿ. ವೈರಿನ ತುದಿಯ ಎಳೆಗಳನ್ನು ಸ್ಕ್ರೂ ಕತ್ತರಿಸದಂತೆ ತುದಿಗೆ ಲೋಹದ ಸಣ್ಣ ತೋಳು ಹಾಕಿಸಿ. ತುದಿಗೆ ಬೆಸುಗೆ ಹಾಕಿ ಸ್ಕ್ರೂವಿನಡಿ ಇಡುವುದು ತಪ್ಪು. ಮೆತ್ತನೆಯ ಬೆಸುಗೆ ಒತ್ತಡಕ್ಕೆ ಜರುಗಿ ಸ್ಕ್ರೂ ಸಡಿಲವಾಗುತ್ತದೆ. ಬಿಸಿಯಾಗುವ ಜಾಗಕ್ಕೆ ಪ್ಲಾಸ್ಟಿಕ್ಕಿಗಿಂತ ಪಿಂಗಾಣಿ ಒಳ್ಳೆಯದು.

ನಾಲ್ಕನೆಯದಾಗಿ, ಅಲ್ಯೂಮಿನಿಯಂ ಮತ್ತು ತಾಮ್ರವನ್ನು ಎಂದಿಗೂ ಒಟ್ಟಿಗೆ ಹೊಸೆಯಬೇಡಿ. ಎರಡಕ್ಕೂ ಸಲ್ಲುವಂತೆ ತಯಾರಿಸಿ ಹಾಗೆಂದು ನಮೂದಿಸಿದ ಕನೆಕ್ಟರ್ ಮಾತ್ರ ಬಳಸಬೇಕು. ಅದು ತಾತ್ಕಾಲಿಕ ಪರಿಹಾರ. ಹಳೆಯ ವೈರಿಂಗನ್ನು ತೆಗೆಸಿ ತಾಮ್ರ ಹಾಕಿಸುವುದೇ ಸರಿಯಾದ ದಾರಿ.

ಐದನೆಯದಾಗಿ, ಅಂಗಳದ ದೀಪ, ಮಸೀದಿಯ ವುಝೂ ಹೌಝಿನ ಬಳಿಯ ದೀಪ, ಮದುವೆ ಚಪ್ಪರದ ಸರಮಾಲೆ, ಇವುಗಳಲ್ಲಿ ನೀರು ತಾಗುವ ಸಂಭವವಿದೆ. ಅಲ್ಲಿ ಒಳಾಂಗಣದ ಕನೆಕ್ಟರ್ ಸಾಲದು, ನೀರು ಹೋಗದ ಪೆಟ್ಟಿಗೆಯೊಳಗೆ ಜೋಡಣೆ ಇರಬೇಕು.

ಕೊನೆಯದಾಗಿ, ಈ ಲೇಖನ ಓದಿ ನೀವೇ ಏಣಿ ಹತ್ತಬೇಡಿ. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕೆಂದು ಕಾನೂನೂ ಹೇಳುತ್ತದೆ. ಆದರೆ ಕೆಲಸದವನನ್ನು ಪ್ರಶ್ನೆ ಕೇಳಿ. ದೀಪ ಮಿಣುಕಿದರೆ, ಸ್ವಿಚ್ಚು ಬೆಚ್ಚಗಾದರೆ, ಸುಟ್ಟ ವಾಸನೆ ಬಂದರೆ ಬಲ್ಬನ್ನೇ ದೂರಬೇಡಿ. ಮೇನ್ ಆಫ್ ಮಾಡಿ, ಗಂಟನ್ನು ತೋರಿಸಿ.

ಅಮಾನತ್

ಆ ದಿನ ನನ್ನ ವಿದ್ಯಾರ್ಥಿ ಕರಿದ ವೈರನ್ನು ಕತ್ತರಿಸಿ ತೆಗೆದು, ಎರಡೂ ಲೋಹಕ್ಕೆ ಸಲ್ಲುವ ಕನೆಕ್ಟರನ್ನು ಪೇಟೆಯಿಂದ ತಂದು ಹಾಕಿದ. "ಸರ್, ಈದ್ ಮುಗಿದ ಮೇಲೆ ಇಡೀ ಮನೆಗೆ ತಾಮ್ರ ಹಾಕಿಸಿ. ಇದನ್ನು ನಂಬಿ ಕೂರಬೇಡಿ" ಎಂದ. ಹಾಗೆಯೇ ಹಾಕಿಸಿದೆವು. ತರಗತಿಯಲ್ಲಿ ವ್ಯಾಕರಣ ತಪ್ಪುತ್ತಾನೆಂದು ಅವನನ್ನು ನಾನು ಎಷ್ಟೋ ಸಲ ಗದರಿದ್ದೆ. ಪದಗಳನ್ನು ಕೂಡಿಸುವ ಸಂಧಿಯನ್ನು ನಾನು ಅವನಿಗೆ ಕಲಿಸಿದ್ದೆ. ತಂತಿಗಳನ್ನು ಕೂಡಿಸುವ ಸಂಧಿಯನ್ನು ಅವನು ನನಗೆ ಕಲಿಸಿದ.

ನಮ್ಮ ಸಮಾಜದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಅಂಕ ಬಂದ ಹುಡುಗನನ್ನು "ಏನಾದರೂ ಕೆಲಸ ಕಲಿಯಲಿ" ಎಂದು ಯಾರದೋ ಜೊತೆ ಕಳುಹಿಸಿಬಿಡುತ್ತೇವೆ. ಅವನಿಗೆ ಜೂಲ್‌ನ ನಿಯಮವನ್ನೂ ಮಾರ್ ಅವರ ಕಥೆಯನ್ನೂ ಯಾರೂ ಹೇಳುವುದಿಲ್ಲ. ಕಾರಣ ತಿಳಿಯದೆ ಕೈಯಭ್ಯಾಸದಿಂದ ಅವನು ಹಾಕಿದ ಗಂಟು ಒಂದು ಕುಟುಂಬದ ತಲೆಯ ಮೇಲೆ ಇಪ್ಪತ್ತು ವರ್ಷ ಇರುತ್ತದೆ. ಹುನರಿಗೆ ಇಲ್ಮ್ ಜೊತೆಯಾಗಬೇಕು. ನಮ್ಮ ವಿದ್ಯಾಸಂಸ್ಥೆಗಳು ವೈದ್ಯರನ್ನೂ ಎಂಜಿನಿಯರುಗಳನ್ನೂ ಸನ್ಮಾನಿಸುವ ವೇದಿಕೆಯಲ್ಲಿ ಐಟಿಐ ಪಾಸಾದ ಒಬ್ಬ ಎಲೆಕ್ಟ್ರಿಷಿಯನ್ನನಿಗೂ ಕುರ್ಚಿ ಹಾಕಲಿ ಎಂಬುದು ನನ್ನ ನಮ್ರ ಕೋರಿಕೆ.

ಮುಚ್ಚಿದ ಬಾಕ್ಸಿನೊಳಗಿನ ಕೆಲಸವನ್ನು ಮನೆಯ ಯಜಮಾನ ನೋಡುವುದಿಲ್ಲ, ಅಲ್ಲಾಹನು ನೋಡುತ್ತಾನೆ. ಆ ಗಂಟು ಒಂದು ಅಮಾನತ್. ನಿಮ್ಮ ಮನೆಯ ಅಮಾನತ್ ಯಾವ ಸ್ಥಿತಿಯಲ್ಲಿದೆ ಎಂದು ಈ ವಾರವೇ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಬೆಂಕಿಯಿಂದ ಕಾಪಾಡಲಿ, ಬೆಳಕಿನಿಂದ ತುಂಬಲಿ. ಆಮೀನ್.